40 ನಿಮಿಷದ ಪೀರಿಯಡ್‌ನಲ್ಲಿ ಆನ್‌ಲೈನ್ ಪಾಠ: ಪ್ರೌಢಶಾಲಾ ಶಿಕ್ಷಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಶಾಲೆಗೆ ಪ್ರೊಜೆಕ್ಟರ್ ಬಂದ ಮೊದಲ ವಾರ ಹತ್ತನೇ ತರಗತಿಗೆ ವಿದ್ಯುತ್ ಪಾಠದ ವಿಡಿಯೊ ಒಂದನ್ನು ಹಾಕಿದ್ದೆ. 35 ನಿಮಿಷದ ವಿಡಿಯೊ. ಮಕ್ಕಳು ಮಿಸುಕಾಡದೆ ನೋಡಿದರು. ಪಾಠ ಚೆನ್ನಾಗಿ ಆಯಿತು ಎಂದುಕೊಂಡೆ. ಮರುದಿನ "ಎರಡು ಬಲ್ಬುಗಳನ್ನು ಸರಣಿ ಕ್ರಮದಲ್ಲಿ ಜೋಡಿಸಿದರೆ ಬೆಳಕು ಏಕೆ ಮಂಕಾಗುತ್ತದೆ?" ಎಂದು ಕೇಳಿದಾಗ ತರಗತಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಹುಡುಗ ಎದ್ದು, ವಿಡಿಯೊದ ಆರಂಭದಲ್ಲಿ ಬಂದ ಹಾಡು ಚೆನ್ನಾಗಿತ್ತು ಎಂದ.

ಅವನ ತಪ್ಪೇನೂ ಇರಲಿಲ್ಲ. ನೋಡಲು ಹೇಳಿದ್ದೆ, ನೋಡಿದ್ದರು. ಯೋಚಿಸಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: 40 ನಿಮಿಷದ ಪೀರಿಯಡ್‌ನಲ್ಲಿ ಪರದೆಯ ಮೇಲಿನ ಪಾಠ ಏಳೆಂಟು ನಿಮಿಷ ದಾಟಬಾರದು, ಆ ಏಳೆಂಟು ನಿಮಿಷದಲ್ಲೂ ಅದು ಎಲ್ಲಿ ನಿಲ್ಲಬೇಕು ಎಂಬುದು ನನಗೆ ಮೊದಲೇ ಗೊತ್ತಿರಬೇಕು. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಅಥವಾ ಸ್ಮಾರ್ಟ್ ಟಿವಿ, ಬಂದರೆ ಬಂತು ಹೋದರೆ ಹೋಯಿತು ಎನ್ನುವ ನೆಟ್‌ವರ್ಕ್ ಇರುವ ಕನ್ನಡ ಮಾಧ್ಯಮ ಶಾಲೆಯನ್ನು ಕಣ್ಣಮುಂದೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಮಕ್ಕಳು ತೊಡರುವ ಜಾಗವನ್ನು ಗುರುತಿಸಿ

"ಈ ಅಧ್ಯಾಯಕ್ಕೆ ವಿಡಿಯೊ ಇದೆಯೇ?" ಎಂದು ಹುಡುಕಲು ಹೊರಟರೆ ಇಡೀ ಅಧ್ಯಾಯದ ವಿಡಿಯೊವೇ ಸಿಗುತ್ತದೆ, ಅದನ್ನೇ ಹಾಕಿಬಿಡುತ್ತೇವೆ. ಹುಡುಕುವ ಮೊದಲು ಒಂದು ಕಾಗದದ ಮೇಲೆ ಒಂದೇ ವಾಕ್ಯ ಬರೆಯಿರಿ: ಈ ಅಧ್ಯಾಯದಲ್ಲಿ ನನ್ನ ಮಕ್ಕಳು ಪ್ರತಿ ವರ್ಷ ಎಲ್ಲಿ ಸಿಕ್ಕಿಕೊಳ್ಳುತ್ತಾರೆ?

ವಿದ್ಯುತ್ ಪಾಠದಲ್ಲಿ ಅದು ನನಗೆ ಚೆನ್ನಾಗಿ ಗೊತ್ತು. ಬ್ಯಾಟರಿಯಿಂದ ಹೊರಟ ವಿದ್ಯುತ್ ಪ್ರವಾಹವನ್ನು ಮೊದಲ ಬಲ್ಬು ಒಂದಷ್ಟು "ತಿಂದು" ಉಳಿದದ್ದನ್ನು ಮುಂದಿನ ಬಲ್ಬಿಗೆ ಕಳುಹಿಸುತ್ತದೆ ಎಂದು ಮಕ್ಕಳು ಗಟ್ಟಿಯಾಗಿ ನಂಬಿರುತ್ತಾರೆ. ಸೂತ್ರ ಬಾಯಿಪಾಠ ಮಾಡಿದವರೂ ಹಾಗೆಯೇ ನಂಬಿರುತ್ತಾರೆ. ತಂತಿಯೊಳಗೆ ಏನಾಗುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಕಪ್ಪು ಹಲಗೆಯ ಮೇಲಿನ ಚಿತ್ರ ಚಲಿಸುವುದಿಲ್ಲ. ಇಂಥ ಕಡೆ ಪರದೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕಾಣದ್ದು, ಬಲು ನಿಧಾನವಾದದ್ದು, ಬಲು ವೇಗವಾದದ್ದು, ದೂರದ್ದು, ಅಪಾಯದ್ದು: ಈ ಐದಕ್ಕೆ ಆನ್‌ಲೈನ್ ಪಾಠ ಬಳಸಿ. ಶಾಲೆಯ ಅಂಗಳದಲ್ಲಿ ದಾಸವಾಳ ಅರಳಿರುವಾಗ ಹೂವಿನ ಭಾಗಗಳನ್ನು ಪರದೆಯ ಮೇಲೆ ತೋರಿಸುವುದು ಬೇಡ. ಮಕ್ಕಳ ಕೈಗೆ ಹೂವನ್ನೇ ಕೊಡಿ, ಬ್ಲೇಡಿನಿಂದ ಸೀಳುವ ಕೆಲಸವನ್ನು ಮಾತ್ರ ನೀವು ಮಾಡಿ.

ಎರಡನೆಯ ಹೆಜ್ಜೆ: ಸಾಮಗ್ರಿ ಎಲ್ಲಿ ಸಿಗುತ್ತದೆ

ಮೊದಲು ಪಠ್ಯಪುಸ್ತಕವನ್ನೇ ತೆರೆಯಿರಿ. ಪುಟದ ಮೇಲಿರುವ ಕ್ಯೂಆರ್ ಕೋಡ್ ನಮ್ಮನ್ನು ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ಕಲಿಕಾ ವೇದಿಕೆಗೆ ಒಯ್ಯುತ್ತದೆ. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯಂದೇ ಆರಂಭವಾದ ವೇದಿಕೆ ಅದು. ಮೊಬೈಲ್‌ನಲ್ಲಿ ದೀಕ್ಷಾ ಆ್ಯಪ್ ತೆರೆದು, ಬೋರ್ಡ್ ಕೇಳಿದಾಗ ಕರ್ನಾಟಕ ರಾಜ್ಯ, ಮಾಧ್ಯಮ ಕೇಳಿದಾಗ ಕನ್ನಡ, ನಂತರ ತರಗತಿ ಆರಿಸಿ ಕೋಡ್ ಸ್ಕ್ಯಾನ್ ಮಾಡಿ. ಪುಸ್ತಕ ಹಳತಾಗಿ ಕೋಡ್ ಮಸುಕಾಗಿದ್ದರೆ ಅದರ ಕೆಳಗಿರುವ ಆರು ಅಕ್ಷರಗಳ ಸಂಕೇತವನ್ನು ಟೈಪ್ ಮಾಡಿದರೂ ಸಾಕು. ಇದು ಎಷ್ಟೋ ಶಿಕ್ಷಕರಿಗೆ ಗೊತ್ತಿಲ್ಲ, ಸ್ಕ್ಯಾನ್ ಆಗಲಿಲ್ಲವೆಂದು ಕೈಬಿಟ್ಟುಬಿಡುತ್ತಾರೆ.

ವಿಜ್ಞಾನಕ್ಕೆ ನಾನು ಹೆಚ್ಚು ನೆಚ್ಚಿಕೊಂಡಿರುವುದು ಫೆಟ್ ಸಿಮ್ಯುಲೇಶನ್‌ಗಳನ್ನು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆಯಿದು. ಇವು ವಿಡಿಯೊಗಳಲ್ಲ. ಬಲ್ಬು, ತಂತಿ, ಬ್ಯಾಟರಿಗಳನ್ನು ಪರದೆಯ ಮೇಲೆ ಎಳೆದು ಜೋಡಿಸಬಹುದು, ಕೀಳಬಹುದು, ಅಳೆಯಬಹುದು. ಹಲವು ಸಿಮ್ಯುಲೇಶನ್‌ಗಳ ಕನ್ನಡ ಅನುವಾದವೂ ಸಿಗುತ್ತದೆ. ಗಣಿತಕ್ಕೆ ಜಿಯೋಜೀಬ್ರಾ ಇದೆ. ತ್ರಿಭುಜದ ಒಂದು ಶೃಂಗವನ್ನು ಹಿಡಿದು ಎಳೆದಂತೆ ಮೂರೂ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಿಂದ ಅಲುಗುವುದಿಲ್ಲ. ಒಂದು ನಿಮಿಷದ ಆ ನೋಟವನ್ನು ಹಲಗೆಯ ಮೇಲೆ ತೋರಿಸಲಾಗದು. ಖಾನ್ ಅಕಾಡೆಮಿಯಲ್ಲಿ ಕನ್ನಡದ ಗಣಿತ ಪಾಠಗಳಿವೆ. ಭಾಷಾ ಶಿಕ್ಷಕರು ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ನೋಡಬೇಕು. ಅಲ್ಲಿನ ಕನ್ನಡ ಕಥೆಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿರುವುದರಿಂದ ಮುದ್ರಿಸಿ ಹಂಚಲೂ ಅಡ್ಡಿಯಿಲ್ಲ.

ಒಂದೊಂದು ವಿಷಯಕ್ಕೆ ಒಂದೊಂದೇ ಮೂಲವನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಳ್ಳಿ. ಹತ್ತು ಆ್ಯಪ್ ಹಾಕಿಕೊಂಡವರು ಒಂದನ್ನೂ ಪೂರ್ತಿ ಬಳಸುವುದಿಲ್ಲ.

ಮೂರನೆಯ ಹೆಜ್ಜೆ: ಹಿಂದಿನ ದಿನ ನೀವೇ ಕುಳಿತು ನೋಡಿ

ಇದಕ್ಕೆ ಅಡ್ಡದಾರಿ ಇಲ್ಲ. ಮೊದಲ ಸಲ ಪೂರ್ತಿ ನೋಡಿ. ಎರಡನೆಯ ಸಲ ಪೆನ್ನು ಹಿಡಿದು ನೋಡಿ.

ಮೊದಲು ಗಮನಿಸಬೇಕಾದದ್ದು ಪದಗಳನ್ನು. ಪಠ್ಯಪುಸ್ತಕ "ರೋಧ" ಎನ್ನುತ್ತದೆ, ವಿಡಿಯೊದ ದನಿ "ಪ್ರತಿರೋಧ" ಎನ್ನಬಹುದು. ನಮಗೆ ಎರಡೂ ಒಂದೇ, ಮೂರನೇ ಬೆಂಚಿನ ಹುಡುಗಿಗೆ ಎರಡು ಬೇರೆ ಬೇರೆ. ಅಂಥ ಪದಗಳ ಜೋಡಿಯನ್ನು ವಿಡಿಯೊ ಹಾಕುವ ಮುನ್ನವೇ ಹಲಗೆಯ ಬಲತುದಿಯಲ್ಲಿ ಬರೆದಿಡಿ. ಸಿಮ್ಯುಲೇಶನ್ ಇಂಗ್ಲಿಷ್‌ನಲ್ಲೇ ಇದ್ದರೂ ಹೀಗೆಯೇ ಮಾಡಿ. ಪರದೆಯ ಮೇಲೆ ಕಾಣುವ ಐದಾರು ಇಂಗ್ಲಿಷ್ ಪದಗಳ ಎದುರು ಕನ್ನಡ ಪದ ಇದ್ದರೆ ಭಾಷೆಯ ತೊಡಕು ಮುಕ್ಕಾಲು ಪಾಲು ಕಳೆದಂತೆ.

ಆಮೇಲೆ ತಪ್ಪುಗಳು. ಅಂತರ್ಜಾಲದಲ್ಲಿ ಇದೆ ಎಂದ ಮಾತ್ರಕ್ಕೆ ಸರಿಯಾಗಿರಬೇಕೆಂದೇನಿಲ್ಲ. ಎಲೆಕ್ಟ್ರಾನ್‌ಗಳು ಚಲಿಸುವ ದಿಕ್ಕು, ಪ್ರವಾಹದ ದಿಕ್ಕು ಎರಡನ್ನೂ ಬಾಣದಲ್ಲಿ ಒಂದೇ ಕಡೆಗೆ ತೋರಿಸಿದ ವಿಡಿಯೊ ನೋಡಿದ್ದೇನೆ. ಎಲೆಕ್ಟ್ರಾನ್‌ಗಳು ಸಾಗುವುದಕ್ಕೆ ವಿರುದ್ಧ ದಿಕ್ಕಿನಲ್ಲಿ ಪ್ರವಾಹವನ್ನು ಗುರುತಿಸುವುದು ರೂಢಿ. ಹತ್ತನೇ ತರಗತಿಯವರಿಗೆ ಅಲ್ಲಿ ಗೊಂದಲವಾದರೆ ಮುಂದೆ ಆಯಸ್ಕಾಂತೀಯ ಪರಿಣಾಮದ ಪಾಠದಲ್ಲಿ ಬಲಗೈ ಹೆಬ್ಬೆರಳಿನ ನಿಯಮ ಹೇಳುವಾಗ ಮತ್ತೆ ಕಾಡುತ್ತದೆ.

ಕೊನೆಗೆ ನಿಲುಗಡೆಗಳು. ನಾನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುವುದು ಹೀಗೆ: "1:40, ನಿಲ್ಲಿಸು. ಸ್ವಿಚ್ ಒತ್ತುವ ಮುಂಚೆ. ಎಷ್ಟು ಬಲ್ಬು ಉರಿಯುತ್ತವೆ?" ಉತ್ತರ ಕಾಣಿಸುವ ಒಂದು ಕ್ಷಣದ ಮುಂಚೆಯೇ ನಿಲ್ಲಿಸಬೇಕು, ಗುಟ್ಟೆಲ್ಲ ಅಲ್ಲಿದೆ. ಉತ್ತರ ಬಂದ ಮೇಲೆ ನಿಲ್ಲಿಸಿ "ಅರ್ಥವಾಯಿತೇ?" ಎಂದರೆ "ಆಯಿತು ಸರ್" ಎಂಬ ಒಕ್ಕೊರಲು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ತರಗತಿಯಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳಬೇಡಿ

ಹೆಸರಿಗೆ ಆನ್‌ಲೈನ್ ಪಾಠವಾದರೂ ತರಗತಿಯೊಳಗೆ ಅದು ಆಫ್‌ಲೈನ್ ಆಗಿಯೇ ನಡೆಯಬೇಕು. ಪರದೆಯ ಮೇಲೆ ಸುತ್ತುವ ಚಕ್ರವನ್ನು 45 ಮಕ್ಕಳು ಎರಡು ನಿಮಿಷ ನೋಡುತ್ತ ಕುಳಿತರೆ ಆ ಪೀರಿಯಡ್ ಮತ್ತೆ ಹಿಡಿತಕ್ಕೆ ಬರುವುದಿಲ್ಲ.

ದೀಕ್ಷಾ ಆ್ಯಪ್‌ನಲ್ಲಿ ಪಾಠವನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಫೆಟ್ ಸಿಮ್ಯುಲೇಶನ್ ಅನ್ನು ಡೌನ್‌ಲೋಡ್ ಮಾಡಿದರೆ ಸಿಗುವುದು ಒಂದೇ ಒಂದು ಫೈಲ್. ಅದನ್ನು ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ತೆರೆದರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಉಬುಂಟು ಇದ್ದರೂ ತೊಂದರೆಯಿಲ್ಲ. ಯೂಟ್ಯೂಬ್ ಆ್ಯಪ್‌ನ ಡೌನ್‌ಲೋಡ್ ಮಾತ್ರ ಆ ಫೋನಿನಲ್ಲೇ, ಆ ಆ್ಯಪ್‌ನಲ್ಲೇ ತೆರೆಯುತ್ತದೆ. ಪೆನ್ ಡ್ರೈವ್‌ಗೆ ಹೋಗುವುದಿಲ್ಲ. ಹಾಗಾಗಿ ಫೋನನ್ನು ಟಿವಿಗೆ ಜೋಡಿಸಿ ತೋರಿಸಲು ಆಗುತ್ತದೆಯೇ ಎಂದು ಹಿಂದಿನ ದಿನವೇ ಪರೀಕ್ಷಿಸಿ. ನೆಟ್ ಚೆನ್ನಾಗಿದೆ, ನೇರವಾಗಿಯೇ ತೋರಿಸುತ್ತೇನೆ ಎನ್ನುವವರು ಆಟೋಪ್ಲೇ ಆರಿಸುವುದನ್ನು ಮರೆಯಬಾರದು. ಪಾಠ ಮುಗಿದ ಕೂಡಲೇ ತಾನಾಗಿ ಬರುವ ಮುಂದಿನ ವಿಡಿಯೊ ಯಾವುದೆಂದು ಯಾರೂ ಹೇಳಲಾರರು. ವೈಯಕ್ತಿಕ ಖಾತೆಯಿಂದಲೂ ತೋರಿಸಬೇಡಿ, ಶಾಲೆಗೆಂದೇ ಒಂದು ಖಾತೆ ಇರಲಿ. ಫೋನನ್ನು ಜೋಡಿಸುವಾಗ ಸಂದೇಶಗಳ ಸೂಚನೆ ಬರದಂತೆ ಮಾಡಿ. ಮನೆಯ ವಿಷಯ ಪರದೆಯ ಮೇಲೆ ಬಂದು ಮುಜುಗರಪಟ್ಟವರನ್ನು ಕಂಡಿದ್ದೇನೆ.

ವಿಡಿಯೊ ನೋಡಲು ವಿಎಲ್‌ಸಿ ಪ್ಲೇಯರ್ ಬಳಸಿ. ಸ್ಪೇಸ್ ಬಾರ್ ಒತ್ತಿದರೆ ನಿಲ್ಲುತ್ತದೆ. ಇಂಗ್ಲಿಷ್‌ನ 'ಇ' ಕೀ ಒತ್ತುತ್ತ ಹೋದರೆ ಚಿತ್ರ ಒಂದೊಂದೇ ಚೌಕಟ್ಟು ಮುಂದಕ್ಕೆ ಸಾಗುತ್ತದೆ. ಪುಟಿಯುವ ಚೆಂಡು, ಕಪ್ಪೆಯ ನಾಲಿಗೆ, ಒಡೆಯುವ ನೀರಿನ ಹನಿ ಇವನ್ನೆಲ್ಲ ಹೀಗೆ ತೋರಿಸಿದಾಗ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ.

ಐದನೆಯ ಹೆಜ್ಜೆ: ಕೋಣೆ ಸಿದ್ಧಮಾಡುವುದು

ಖಾಲಿ ಕೋಣೆಯಲ್ಲಿ ಪ್ರೊಜೆಕ್ಟರ್ ಹಚ್ಚಿ, ಕೊನೆಯ ಬೆಂಚಿನಲ್ಲಿ, ಅದರಲ್ಲೂ ಮೂಲೆಯ ಜಾಗದಲ್ಲಿ ಹೋಗಿ ಕುಳಿತುಕೊಳ್ಳಿ. ಅಲ್ಲಿಂದ ಓದಲು ಆಗದ ಅಕ್ಷರ ಪರದೆಯಲ್ಲಿ ಇದ್ದೂ ಇಲ್ಲದಂತೆ. ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲು ಗೋಡೆಗೆ ಹೊಡೆಯುತ್ತಿದ್ದರೆ ಈ ಪಾಠವನ್ನು ಮಧ್ಯಾಹ್ನದ ಪೀರಿಯಡ್‌ಗೆ ಬದಲಾಯಿಸಿಕೊಳ್ಳಿ. ಕಿಟಕಿಗೆ ದಪ್ಪ ಪರದೆ ಹೊಲಿಸಲು ಎಸ್‌ಡಿಎಂಸಿಯವರನ್ನು (ಶಾಲಾಭಿವೃದ್ಧಿ ಸಮಿತಿಯವರನ್ನು) ಕೇಳಬಹುದು. ಕೋಣೆಯನ್ನು ಪೂರ್ತಿ ಕತ್ತಲೆ ಮಾಡಬೇಡಿ. ಮಕ್ಕಳು ಬರೆಯಬೇಕು, ಅವರ ಮುಖ ನಿಮಗೆ ಕಾಣಬೇಕು.

ಲ್ಯಾಪ್‌ಟಾಪ್‌ನ ಸ್ವಂತ ದನಿ ಮೂರನೇ ಸಾಲಿನಾಚೆ ಹೋಗುವುದಿಲ್ಲ. ಸಣ್ಣ ಸ್ಪೀಕರ್ ಒಂದನ್ನು ಕೋಣೆಯ ನಡುವೆ ಇಡಿ. ಮಲೆನಾಡಿನ ಶಾಲೆಗಳಲ್ಲಿ ಶೀಟಿನ ಸೂರಿನ ಮೇಲೆ ಜುಲೈ ಮಳೆ ಬೀಳುವಾಗ ಯಾವ ಸ್ಪೀಕರೂ ಸಾಲದು. ಆಗ ದನಿ ಪೂರ್ತಿ ಆರಿಸಿ, ಚಿತ್ರ ಮಾತ್ರ ಓಡಿಸಿ, ವಿವರಣೆಯನ್ನು ನೀವೇ ಕೊಡಿ. ಮಳೆ ಇಲ್ಲದ ದಿನವೂ ಇದನ್ನು ಒಮ್ಮೆ ಮಾಡಿ ನೋಡಿ. ಪರಿಚಿತ ಗುರುಗಳ ದನಿಯಲ್ಲಿ, ತಮ್ಮೂರಿನ ಮಾತಿನಲ್ಲಿ ಕೇಳಿದ ವಿವರಣೆ ಮಕ್ಕಳಿಗೆ ಹೆಚ್ಚು ಹತ್ತಿರವಾಗುತ್ತದೆ. ಕಣ್ಣು, ಕಿವಿ ಮಂದವಿರುವ ಮಕ್ಕಳಿಗೆ ಮುಂದಿನ ಸಾಲು ಮೀಸಲು.

ಆರನೆಯ ಹೆಜ್ಜೆ: ಪೀರಿಯಡ್ ನಡೆಸುವ ಬಗೆ

ವಿದ್ಯುತ್ ಮಂಡಲದ ಪಾಠವನ್ನೇ ತೆಗೆದುಕೊಂಡು, ನಾನು ಮಾಡುವುದನ್ನು ಇದ್ದಂತೆ ಹೇಳುತ್ತೇನೆ.

ಪ್ರೊಜೆಕ್ಟರ್ ಬಿಸಿಯಾಗುತ್ತಿರುವಾಗಲೇ ಮಾತು ಶುರು. "ಗಣೇಶನ ಹಬ್ಬಕ್ಕೆ ಪೆಂಡಾಲಿನಲ್ಲಿ ಹಾಕುತ್ತಿದ್ದ ಹಳೆಯ ಸೀರಿಯಲ್ ಸೆಟ್ ನೋಡಿದ್ದೀರಾ? ಒಂದು ಬಲ್ಬು ಹೋದರೆ ಏನಾಗುತ್ತಿತ್ತು?" ಯಾರಾದರೊಬ್ಬರ ಅಣ್ಣನೋ ಮಾವನೋ ಲೈಟಿಂಗ್ ಕೆಲಸಕ್ಕೆ ಹೋಗುವವರು ಇದ್ದೇ ಇರುತ್ತಾರೆ. ಸಾಲಿಗೆ ಸಾಲೇ ಆರುತ್ತದೆ ಎಂಬ ಉತ್ತರ ಬರುತ್ತದೆ. "ಮನೆಯಲ್ಲಿ ಅಡುಗೆಮನೆಯ ಬಲ್ಬು ಹೋದರೆ ನಡುಮನೆಯದೂ ಆರುತ್ತದೆಯೇ?" ಇಲ್ಲ. ಏಕೆ? ಇಲ್ಲಿಗೆ ಐದು ನಿಮಿಷ.

ಈಗ ಸಿಮ್ಯುಲೇಶನ್. 9 ವೋಲ್ಟ್ ಬ್ಯಾಟರಿ, 10 ಓಮ್ ರೋಧದ ಒಂದು ಬಲ್ಬು ಜೋಡಿಸಿ, ಪ್ರವಾಹ ಅಳೆಯುವ ಆಮೀಟರ್ ಇಡುತ್ತೇನೆ. 0.90 ಆಂಪಿಯರ್. ಅದೇ ಸಾಲಿನಲ್ಲಿ ಇನ್ನೊಂದು 10 ಓಮ್ ಬಲ್ಬು ಸೇರಿಸುತ್ತೇನೆ, ಆದರೆ ಸ್ವಿಚ್ ತೆರೆದೇ ಇರುತ್ತದೆ. ಕೈ ಮೌಸ್ ಬಿಟ್ಟು ಹಲಗೆಯ ಕಡೆ ತಿರುಗುತ್ತೇನೆ. "ಮೊದಲ ಬಲ್ಬಿಗೆ ಮುಂಚೆ ಒಂದು ಆಮೀಟರ್, ಎರಡೂ ಬಲ್ಬುಗಳ ನಡುವೆ ಒಂದು, ಕೊನೆಯಲ್ಲಿ ಒಂದು. ಮೂರರಲ್ಲೂ ಎಷ್ಟೆಷ್ಟು ತೋರಿಸುತ್ತದೆ? ಬರೆಯಿರಿ. ಪಕ್ಕದವರ ಜೊತೆ ಮಾತಾಡಿ. ಅಳಿಸುವಂತಿಲ್ಲ."

ಮೂರು ನಿಮಿಷ ಕೋಣೆಯಲ್ಲಿ ಗದ್ದಲ. ಈ ಗದ್ದಲ ಬೇಕು. ಬಹಳಷ್ಟು ನೋಟ್‌ಬುಕ್‌ಗಳಲ್ಲಿ 0.90, 0.45, 0 ಎಂಬಂಥ ಇಳಿಯುವ ಅಂಕಿಗಳಿರುತ್ತವೆ. ಕೈ ಎತ್ತಿಸಿ ಯಾವ ಉತ್ತರಕ್ಕೆ ಎಷ್ಟು ಜನ ಎಂದು ಹಲಗೆಯ ಮೇಲೆ ಬರೆಯುತ್ತೇನೆ, ಸರಿ ತಪ್ಪು ಹೇಳುವುದಿಲ್ಲ. ಆಮೇಲೆ ಒಬ್ಬ ವಿದ್ಯಾರ್ಥಿಯನ್ನು ಕರೆದು ಸ್ವಿಚ್ ಒತ್ತಲು ಹೇಳುತ್ತೇನೆ. ಮೂರೂ ಕಡೆ 0.45. ಪರದೆಯ ಮೇಲೆ ನೀಲಿ ಚುಕ್ಕೆಗಳು ತಂತಿಯುದ್ದಕ್ಕೂ ಒಂದೇ ವೇಗದಲ್ಲಿ, ಮೊದಲಿಗಿಂತ ನಿಧಾನವಾಗಿ, ಸಾಗುತ್ತಿರುತ್ತವೆ. ಯಾವ ಬಲ್ಬೂ ಏನನ್ನೂ ತಿಂದಿಲ್ಲ. ಎರಡನೇ ಬಲ್ಬು ಸೇರಿ ಒಟ್ಟು ರೋಧ 20 ಓಮ್ ಆದದ್ದರಿಂದ ಇಡೀ ಮಂಡಲದ ಹರಿವೇ ಅರ್ಧವಾಗಿದೆ. ಆ ಹೊತ್ತಿಗೆ ತರಗತಿಯಲ್ಲಿ ಒಂದು ಮೌನ ಬೀಳುತ್ತದೆ. ತಾವು ಪೆನ್ನಿನಲ್ಲಿ ಬರೆದದ್ದಕ್ಕೂ ಕಣ್ಣೆದುರು ಕಾಣುವುದಕ್ಕೂ ತಾಳೆಯಾಗದಾಗ ಬೀಳುವ ಮೌನ ಅದು. ಮಾತಾಡಿ ಅದನ್ನು ಕೆಡಿಸಬೇಡಿ. "ಹಾಗಾದರೆ ಬಲ್ಬು ತೆಗೆದುಕೊಳ್ಳುವುದು ಏನನ್ನು ಸರ್?" ಎಂದು ಯಾರಾದರೂ ಕೇಳುವವರೆಗೆ ಕಾಯಿರಿ. ಶಕ್ತಿಯನ್ನು, ಪ್ರವಾಹವನ್ನಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ.

ಸಮಾಂತರ ಕ್ರಮವನ್ನು ಮಕ್ಕಳಿಂದಲೇ ಜೋಡಿಸಿ. ಒಂದೊಂದು ಬಲ್ಬಿನಲ್ಲಿ 0.90, ಬ್ಯಾಟರಿಯ ಬಳಿ 1.80. ಒಂದು ಬಲ್ಬನ್ನು ಕಿತ್ತರೆ ಇನ್ನೊಂದು ಉರಿಯುತ್ತಲೇ ಇರುತ್ತದೆ. ನಡುಮನೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಬಲ್ಬಿಲ್ಲದೆ ಬರೀ ತಂತಿಯಿಂದ ಬ್ಯಾಟರಿಯ ಎರಡೂ ತುದಿ ಜೋಡಿಸಿದರೆ ಪರದೆಯ ಮೇಲೆ ಬೆಂಕಿ ಕಾಣಿಸುತ್ತದೆ. ಮಕ್ಕಳು ಅದನ್ನೇ ಮತ್ತೆ ಮತ್ತೆ ಮಾಡಬೇಕೆನ್ನುತ್ತಾರೆ. ಮಾಡಲಿ. ಮನೆಯ ಪ್ಲಗ್‌ನಲ್ಲಿ ಇದನ್ನು ಮಾಡಿದರೆ ಜೀವ ಹೋಗುತ್ತದೆ ಎಂದು ಆಗಲೇ, ಎಲ್ಲರೂ ನೋಡುತ್ತಿರುವಾಗಲೇ ಸ್ಪಷ್ಟವಾಗಿ ಹೇಳಿ.

ಈಗ ಪರದೆ ಆರಿಸಿ. ಇನ್ನೂ ಹದಿನೈದು ನಿಮಿಷ ಉಳಿದಿರುತ್ತದೆ. ಆರೇಳು ಗುಂಪು ಮಾಡಿ ಒಂದೊಂದು ಗುಂಪಿಗೆ ಎರಡು ಟಾರ್ಚ್ ಸೆಲ್, ಎರಡು ಸಣ್ಣ ಬಲ್ಬು, ತಂತಿ ಕೊಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹಳೆಯ ಮಾದರಿಯ, ಒಳಗೆ ಎಳೆ ಇರುವ ಟಾರ್ಚ್ ಬಲ್ಬನ್ನೇ ಕೇಳಿ ತನ್ನಿ. ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಜೋಡಿಸಿದರೆ ಮಾತ್ರ ಉರಿಯುತ್ತದೆ, ಎರಡನ್ನು ಸರಣಿಯಲ್ಲಿಟ್ಟರೆ 3 ವೋಲ್ಟ್‌ಗೆ ಉರಿಯದೆಯೂ ಇರಬಹುದು, ಪಾಠ ಬೇರೆ ಕಡೆ ಹೋಗುತ್ತದೆ. ನಿಜವಾದ ಸೆಲ್‌ಗಳಿಗೆ ಸಮಾಂತರವಾಗಿ ಎರಡು ಬಲ್ಬು ಜೋಡಿಸಿದಾಗ ಬೆಳಕು ತುಸು ತಗ್ಗಿದ್ದನ್ನು ಚುರುಕಾದ ಮಗು ಗಮನಿಸುತ್ತದೆ: "ಸರ್, ಕಂಪ್ಯೂಟರ್‌ನಲ್ಲಿ ಕಡಿಮೆ ಆಗಲಿಲ್ಲ." ಸೆಲ್‌ಗೆ ತನ್ನದೇ ಒಳರೋಧ ಇರುತ್ತದೆ, ಪರದೆಯ ಮೇಲಿನ ಬ್ಯಾಟರಿಯಲ್ಲಿ ಅದನ್ನು ಸೊನ್ನೆ ಎಂದು ಇಟ್ಟಿದ್ದೇವೆ. ಈ ವ್ಯತ್ಯಾಸ ಕಂಡುಹಿಡಿದ ಮಗುವಿನ ಹೆಸರನ್ನು ಹಲಗೆಯ ಮೇಲೆ ಬರೆಯಿರಿ. ಅವಳು ಅಂದು ವಿಜ್ಞಾನಿಯ ಕೆಲಸ ಮಾಡಿದ್ದಾಳೆ.

ಏಳನೆಯ ಹೆಜ್ಜೆ: ಕರೆಂಟ್ ಹೋದರೆ

ಹೋಗುತ್ತದೆ ಎಂದೇ ಇಟ್ಟುಕೊಳ್ಳಿ. ನಿಲುಗಡೆಯ ನೋಟ್‌ಬುಕ್‌ನ ಎದುರು ಪುಟದಲ್ಲಿ ಅದೇ ಪ್ರಶ್ನೆಗಳಿಗೆ ಹಲಗೆಯ ಚಿತ್ರವನ್ನು ಮೊದಲೇ ಬರೆದಿಡಿ. ಎಂಟು ಮಕ್ಕಳನ್ನು ವೃತ್ತವಾಗಿ ನಿಲ್ಲಿಸಿ, ಒಂದು ಉದ್ದನೆಯ ಹಗ್ಗದ ತುದಿಗಳನ್ನು ಕಟ್ಟಿ ಎಲ್ಲರ ಅಂಗೈಯಲ್ಲಿ ಹಿಡಿಸಿ. ಒಬ್ಬರು ಹಗ್ಗ ಎಳೆಯುತ್ತ ಹೋದರೆ ಅದು ಎಲ್ಲರ ಕೈಯಲ್ಲೂ ಒಂದೇ ವೇಗದಲ್ಲಿ ಜಾರುತ್ತದೆ. ಎಳೆಯುವವರು ಬ್ಯಾಟರಿ, ಬಿಗಿಯಾಗಿ ಹಿಡಿದವರು ಬಲ್ಬು. ಬಿಗಿ ಹಿಡಿದವರ ಅಂಗೈ ಬೆಚ್ಚಗಾಗುತ್ತದೆ, ಆದರೆ ಹಗ್ಗ ಎಲ್ಲೂ ಕಡಿಮೆಯಾಗುವುದಿಲ್ಲ. ಕರೆಂಟ್ ಇದ್ದ ದಿನವೂ ಈ ಆಟವನ್ನು ನಾನು ಬಿಡುವುದಿಲ್ಲ.

ಎಂಟನೆಯ ಹೆಜ್ಜೆ: ಮನೆಗೆ ಕಳುಹಿಸುವಾಗ ಎಚ್ಚರ

2020ರಲ್ಲಿ ಶಾಲೆ ಮುಚ್ಚಿದ್ದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊಗಳು ಹರಿದಾಡಿದವು. ಯಾರ ಮನೆಯಲ್ಲಿ ಏನಿದೆ ಎಂಬುದನ್ನು ಆ ವರ್ಷ ನಮಗೆ ಕಲಿಸಿತು. ಮನೆಗೆ ಒಂದೇ ಫೋನು, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ, ರಾತ್ರಿ ಬಂದರೆ ಮೊದಲು ಅಣ್ಣನ ಕೈಗೆ, ತಂಗಿಯ ಸರದಿ ಬರುವಷ್ಟರಲ್ಲಿ ಡೇಟಾ ಮುಗಿದಿರುತ್ತದೆ. ಆದ್ದರಿಂದ ವಿಡಿಯೊ ನೋಡುವುದನ್ನು ಕಡ್ಡಾಯದ ಮನೆಗೆಲಸ ಮಾಡಬೇಡಿ, ಅದಕ್ಕೆ ಅಂಕ ಇಡಬೇಡಿ. ನೋಡಲು ಆಸೆಯಿದ್ದೂ ಆಗದವರಿಗೆ ವಾರಕ್ಕೆ ಎರಡು ದಿನ ಬಿಸಿಯೂಟದ ಬಿಡುವಿನಲ್ಲಿ ಲ್ಯಾಪ್‌ಟಾಪ್ ತೆರೆದಿಡಿ. ಹೆಣ್ಣುಮಕ್ಕಳಿಗೆ ಮೊದಲ ಸರದಿ ಕೊಡಿ, ಕಾರಣ ಮೇಲೆಯೇ ಇದೆ.

ಮಕ್ಕಳ ಹೆಸರು, ಫೋನ್ ಸಂಖ್ಯೆ, ಫೋಟೊ ಕೇಳುವ ಆ್ಯಪ್‌ಗಳಿಂದ ದೂರವಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ಎಲ್ಲರೂ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಲಾಗಿನ್ ಇಲ್ಲದೆ ತೆರೆಯುವ ಸಾಮಗ್ರಿಯೇ ತರಗತಿಗೆ ಸಾಕು.

ಒಂಬತ್ತನೆಯ ಹೆಜ್ಜೆ: ಕಲಿತರೋ ಇಲ್ಲವೋ ನೋಡುವುದು

ಮೂರು ದಿನ ಬಿಟ್ಟು, ಯಾವ ಮುನ್ಸೂಚನೆಯೂ ಇಲ್ಲದೆ ಕಾಲು ಹಾಳೆ ಹಂಚಿ ಒಂದೇ ಪ್ರಶ್ನೆ ಕೇಳಿ. ಅಂಕಿಗಳು ಬೇರೆ ಇರಲಿ: 6 ವೋಲ್ಟ್ ಬ್ಯಾಟರಿ, ಸರಣಿಯಲ್ಲಿ 10 ಮತ್ತು 20 ಓಮ್‌ನ ಎರಡು ಬಲ್ಬು, ಎರಡರ ನಡುವಿನ ಆಮೀಟರ್ ಎಷ್ಟು ತೋರಿಸುತ್ತದೆ, ಕೊನೆಯದು ಎಷ್ಟು? ಎರಡೂ ಕಡೆ 0.2 ಆಂಪಿಯರ್ ಎಂದು ಬರೆದವರ ಸಂಖ್ಯೆಯನ್ನು ಮೊದಲ ದಿನ ಹಲಗೆಯ ಮೇಲೆ ಎಣಿಸಿದ್ದರ ಪಕ್ಕದಲ್ಲಿಡಿ. ಹೆಚ್ಚಾಗಿಲ್ಲದಿದ್ದರೆ ಬೇರೆ ವಿಡಿಯೊ ಹುಡುಕುವ ಮುನ್ನ ನಿಮ್ಮ ನಿಲುಗಡೆಗಳನ್ನು ನೋಡಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ಪ್ರಶ್ನೆ ಕೇಳಿದ ಜಾಗವೇ ತಪ್ಪಾಗಿರುತ್ತದೆ, ಅಥವಾ ಉತ್ತರಕ್ಕೆ ಕಾದದ್ದು ಸಾಲದಾಗಿರುತ್ತದೆ.

ಫೈಲ್ ಇರುವ ಫೋಲ್ಡರ್‌ನಲ್ಲೇ ಆ ನಿಲುಗಡೆಗಳ ಪುಟದ ಫೋಟೊ ಒಂದನ್ನೂ ಹಾಕಿಡಿ. ಫೋಲ್ಡರ್‌ಗೆ ತರಗತಿ, ಅಧ್ಯಾಯ, ತೊಡಕು ಈ ಮೂರನ್ನೂ ಸೇರಿಸಿ ಹೆಸರಿಡಿ: "10 ವಿದ್ಯುತ್, ಬಲ್ಬು ಪ್ರವಾಹವನ್ನು ತಿನ್ನುವುದಿಲ್ಲ" ಎಂಬಂತೆ. ಕ್ಲಸ್ಟರ್ ಸಭೆಗೆ ಹೋಗುವಾಗ ಪೆನ್ ಡ್ರೈವ್ ಜೇಬಿನಲ್ಲಿರಲಿ. ಪಕ್ಕದ ಶಾಲೆಯವರಿಗೆ ಬರೀ ವಿಡಿಯೊ ಕೊಡಬೇಡಿ, ಎಲ್ಲಿ ನಿಲ್ಲಿಸಿದಿರಿ, ಏನು ಕೇಳಿದಿರಿ, ಮಕ್ಕಳು ಏನೆಂದರು ಎಂಬ ಆ ಪುಟವನ್ನೂ ಕೊಡಿ.